ಮಾರಮ್ಮ ನಮ್ಮ ಬೈಕಿನ ರೇಸ್ ಇಳಿಸಿದ್ದು

ನಮ್ಮ ಮಗಳು ಚಂದನಾ ಹುಟ್ಟಿದಾಗ ಅವಳ ಎಡ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಅದು 2006ನೇ ಇಸವಿ. ಅಂಗಾಲು ನೆಲದ ಕಡೆಗಿರದೆ ಇನ್ನೊಂದು ಕಾಲಿನ ಕಡೆ ನೋಡುತ್ತಿತ್ತು. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರು ನೋಡಿ, ಆಪರೇಷನ್ ಬೇಡ, ಪ್ರತಿ ಶುಕ್ರವಾರ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹೊಸ ಪ್ಲಾಸ್ಟರ್ ಹಾಕುತ್ತಾ ಹೋದರೆ ಸರಿಹೋಗುತ್ತದೆ ಎಂದರು.

"ಬರೋ ದಿನ ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ನೆನೆಸಿ ಹಳೇ ಪ್ಲಾಸ್ಟರ್ ಬಿಚ್ಕೊಂಡು ಬನ್ನಿ. ಬಿಚ್ಚಿದ್ಮೇಲೆ ತಡ ಮಾಡ್ಬೇಡಿ. ಹತ್ತು ಗಂಟೆಯೊಳಗೆ ನನ್ನ ಮುಂದಿರ್ಬೇಕು. ಒಂದು ವಾರ ತಪ್ಪಿದ್ರೂ ಪಾದ ವಾಪಸ್ ತಿರುಗುತ್ತೆ, ಮೊದಲಿಂದ ಶುರು ಮಾಡ್ಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದರು.

ನಮ್ಮ ಮನೆ ಕೆಂಗೇರಿ ಉಪನಗರದಲ್ಲಿ. ಮೊದಲ ವಾರ ಬಸ್ಸಿನಲ್ಲೇ ಹೋದೆವು. ವಾಪಸ್ ಬರುವಾಗ ಆ ನೂಕುನುಗ್ಗಲಿನಲ್ಲಿ ಯಾರದೋ ಬ್ಯಾಗು ಮಗುವಿನ ಕಾಲಿನ ಮೇಲೆ ಬಿದ್ದು, ಹಸಿ ಪ್ಲಾಸ್ಟರ್ ಜಾರಿಹೋಯಿತು. ಆ ವಾರ ದಂಡವಾಯಿತು. ನನ್ನ ಹೆಂಡತಿ ಮಂಜುಳಾ, "ಇನ್ನು ಬಸ್ ಹತ್ತು ಅಂತ ಮಾತ್ರ ಹೇಳ್ಬೇಡಿ" ಎಂದಳು. ಆಟೋದವರಂತೂ ರಾಜಾಜಿನಗರ ಎಂದ ಕೂಡಲೇ ತಲೆ ಅಲ್ಲಾಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಉಳಿದದ್ದು ನಮ್ಮಣ್ಣ ಓಡಿಸಿ ಬಿಟ್ಟಿದ್ದ ಹದಿನೇಳು ವರ್ಷದ ಹಳೆಯ ಬೈಕು.

ನಮ್ಮ ರಸ್ತೆಯ ಕೊನೆಯಲ್ಲಿ ಮಾರಮ್ಮನ ಗುಡಿಯಿದೆ. ಶುಕ್ರವಾರ ಅಲ್ಲಿ ತಟ್ಟೆಯಲ್ಲಿ ಅರಿಶಿನದ ದಾರ ಇಟ್ಟಿರುತ್ತಾರೆ, ಹರಕೆ ಹೊತ್ತವರು ತೆಗೆದುಕೊಂಡು ಕೈಗೆ ಕಟ್ಟಿಕೊಳ್ಳುತ್ತಾರೆ. ನಾನು ಬೈಕಿಗೆ ಕಟ್ಟಿದೆ. ಮಗುವನ್ನು ಹೊತ್ತುಕೊಂಡು ಹೋಗುವುದು ಅದೇ ತಾನೇ? ಹ್ಯಾಂಡಲಿನ ಬಲಗಡೆಗೇ, ಗಾಳಿಗೆ ಬಿಚ್ಚಿಹೋಗದ ಹಾಗೆ ಸುತ್ತು ಹಾಕಿ ಬಿಗಿಯಾಗಿ ಕಟ್ಟಿದೆ. ಮುಂದಿನ ಶುಕ್ರವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು.

ಮೂರನೇ ವಾರದಿಂದ ಶುರುವಾಯಿತು ನೋಡಿ ಶನಿಕಾಟ. ನಾಗರಬಾವಿಯ ಹತ್ತಿರ ಎಡಕ್ಕೆ ತಿರುಗಿದರೆ ಬೈಕು ತಾನಾಗಿ ರೇಸ್ ಆಗಿ ಮುಂದಕ್ಕೆ ನುಗ್ಗಿತು. ನಾನು ಎಕ್ಸಲೇಟರ್ ಬಿಟ್ಟೇ ಇದ್ದೆ. "ರೀ, ನಿಧಾನ! ಮಗು ಇದೆ!" ಎಂದು ಮಂಜುಳಾ ಬೆನ್ನಿಗೆ ಗುದ್ದಿದಳು. ನಾನೇನು ಬೇಕೆಂದು ಮಾಡಿದೆನೇ?

ಕೆಂಗೇರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಎಡಕ್ಕೆ ವಾಲಿಸಿ, ಸದ್ದು ಕೇಳಿದ. "ಕಾರ್ಬುರೇಟರ್ ಸಾರ್. ಕಸ ಕೂತಿದೆ" ಎಂದ. ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಪೆಟ್ರೋಲ್ ಬರುವ ಜೆಟ್ಟಿನ ಸಣ್ಣ ತೂತಿಗೆ ಗಾಳಿ ಊದಿ, ಮತ್ತೆ ಜೋಡಿಸಿದ. ಆದರೂ ರೇಸ್ ಇಳಿಯಲಿಲ್ಲ. ಗಾಡಿ ನಿಂತಾಗ ಎಂಜಿನ್ ಎಷ್ಟು ಓಡಬೇಕೆಂದು ಹಿಡಿಯುವ ಸ್ಲೋ ಸ್ಪೀಡಿನ ಸ್ಕ್ರೂ ತಿರುಗಿಸಿ ಇಳಿಸಿಕೊಟ್ಟ. ನಾನು ನಿಟ್ಟುಸಿರು ಬಿಟ್ಟು ಮೈಸೂರು ರಸ್ತೆಗೆ ಬಂದೆ. ಮೊದಲ ಸಿಗ್ನಲ್ಲಿನಲ್ಲೇ ಗಾಡಿ ಆಫ್! ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಯಿತು, ಹಿಂದಿನವರ ಹಾರನ್ನಿಗೆ ತಲೆ ಸಿಡಿಯಿತು. ವಾಪಸ್ ಹೋಗಿ ಬೈದರೆ ಅದೇ ಸ್ಕ್ರೂ ಮೇಲಕ್ಕೆ ತಿರುಗಿಸಿದ. ಈಗ ಸಿಗ್ನಲ್ಲಿನಲ್ಲಿ ಆಫ್ ಆಗುವುದಿಲ್ಲ, ತಿರುವಿನಲ್ಲಿ ಹಾರುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ ಎಂಬಂತಿತ್ತು ಅವನ ಮುಖ.

ಆಮೇಲೆ ಚಂದ್ರಾ ಲೇಔಟಿನಲ್ಲಿ ಇನ್ನೊಬ್ಬರು, ಅನುಭವಸ್ಥರು. ಅವರು ಎಕ್ಸಲೇಟರ್ ಕೇಬಲ್ ಹೋಗಿದೆ ಎಂದು ಹೊಸದು ಹಾಕಿದರು. ಹಾಕಿದ ಮೇಲೆ ಹೆಮ್ಮೆಯಿಂದ, "ದೇವ್ರ ದಾರ ಅಲ್ವಾ ಸಾರ್, ನಾನು ಕತ್ತರಿ ಹಾಕ್ಲಿಲ್ಲ. ಹೊಸ ಕೇಬಲ್‌ನ ದಾರದ ಒಳಗಡೆಯಿಂದ್ಲೇ ತೂರಿಸಿದೀನಿ" ಎಂದರು. ಎಂಥ ಒಳ್ಳೆಯ ಮನುಷ್ಯ ಎಂದು ನಾನು ಕೈಮುಗಿದೆ. ನನ್ನ ಬುದ್ಧಿಗಿಷ್ಟು!

ಹೊಸ ಕೇಬಲ್ಲಿಗೂ ರೇಸ್ ಇಳಿಯಲಿಲ್ಲ. ಗಾಡಿ ಕೆಟ್ಟಷ್ಟೂ ನನ್ನ ಭಯ ಹೆಚ್ಚಾಯಿತು, ಭಯ ಹೆಚ್ಚಾದಷ್ಟೂ ದಾರ ಹೆಚ್ಚಾದವು. ಶುಕ್ರವಾರ ಒಂದು ಸಾಲದೆಂದು ಮಂಗಳವಾರವೂ ಕಟ್ಟತೊಡಗಿದೆ. ಕೊನೆಕೊನೆಗೆ ಆ ಹ್ಯಾಂಡಲಿನಲ್ಲಿ ಒಂಬತ್ತು ದಾರ, ಅರಿಶಿನ ಕುಂಕುಮ ಮೆತ್ತಿಕೊಂಡು ಮರದ ಗಂಟಿನಂತೆ ಗಟ್ಟಿಯಾಗಿ ಕೂತಿದ್ದವು.

ಕೊನೆಯ ಪ್ಲಾಸ್ಟರಿನ ದಿನ ಬಂತು. ಡಾಕ್ಟರು ಮೊದಲೇ ಹೇಳಿದ್ದರು, ಇದು ಮುಖ್ಯವಾದದ್ದು, ಇದನ್ನು ಮೂರು ವಾರ ಬಿಡುತ್ತೇವೆ ಎಂದು. ಬೆಳಿಗ್ಗೆ ಮಂಜುಳಾ ಹಳೆಯದನ್ನು ನೆನೆಸಿ ಬಿಚ್ಚಿದಳು. ಪಾದ ಹೆಚ್ಚುಕಡಿಮೆ ನೆಟ್ಟಗಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಎಂಟೂವರೆಗೆ ಹೊರಟೆವು. ನಮ್ಮ ರಸ್ತೆ ಮುಗಿಯುವಲ್ಲಿ, ಗುಡಿಯ ಎದುರಿಗೆ ಎಡಕ್ಕೆ ತಿರುಗಿದೆ. ಬೈಕು ಕಿರುಚಿಕೊಂಡು ನಿಂತಿದ್ದ ಟೆಂಪೋ ಕಡೆಗೆ ನುಗ್ಗಿತು. ಕ್ಲಚ್ ಹಿಡಿದು ಬ್ರೇಕ್ ತುಳಿದೆ. ಟೆಂಪೋಗೆ ಒಂದು ಗೇಣು ಉಳಿದಿತ್ತು.

ಮಂಜುಳಾ ಇಳಿದಳು. ಮಗುವನ್ನು ಎದೆಗೊತ್ತಿಕೊಂಡು ದೂರ ಸರಿದು ನಿಂತಳು. "ನಾನು ನಡ್ಕೊಂಡೇ ಹೋಗ್ತೀನಿ ರೀ. ಈ ದರಿದ್ರದ ಮೇಲೆ ನನ್ನ ಮಗೂನ ಕೂರಿಸಲ್ಲ" ಎಂದು ಅತ್ತಳು. ಎಲ್ಲಿಯ ಕೆಂಗೇರಿ, ಎಲ್ಲಿಯ ರಾಜಾಜಿನಗರ! ಬಟ್ಟೆಯೊಳಗಿನ ಆ ಪುಟ್ಟ ಪಾದ ನಿಮಿಷ ನಿಮಿಷಕ್ಕೂ ಹಿಂದಕ್ಕೆ ತಿರುಗುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು. ಗೇರು ತೆಗೆದು ಸೈಡ್ ಸ್ಟ್ಯಾಂಡ್ ಹಾಕಿದೆ. ಎಂಜಿನ್ ಆಫ್ ಮಾಡಲಿಲ್ಲ, ಮಾಡಿದರೆ ಮತ್ತೆ ಸ್ಟಾರ್ಟ್ ಆಗುವ ನಂಬಿಕೆ ಇರಲಿಲ್ಲ. ಅದು ಹ್ಯಾಂಡಲನ್ನು ಎಡಕ್ಕೇ ವಾಲಿಸಿಕೊಂಡು ಅಲ್ಲೇ ನಿಂತು ಬೊಬ್ಬೆ ಹೊಡೆಯುತ್ತಿತ್ತು.

ಅದಕ್ಕಿಂತ ಜೋರಾಗಿ ನಾನು ಬೊಬ್ಬೆ ಹೊಡೆದೆ. "ಏನಮ್ಮಾ, ಕಣ್ಣು ಕಾಣ್ಸಲ್ವಾ ನಿಂಗೆ? ಒಂಬತ್ತು ದಾರ ಕಟ್ಟಿದೀನಿ! ಇನ್ನೂ ಏನು ಬೇಕು? ಆ ಹಸುಗೂಸು ನಿಂಗೇನು ಮಾಡಿತ್ತು?" ಬಂಧುಗಳೇ, ಹೀಗೆ ತಾಯಿಯನ್ನು ನಡುರಸ್ತೆಯಲ್ಲಿ ಬೈದಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ನಡೆದದ್ದೇ.

ಒಳಗೆ ಮಂಗಳಾರತಿ ನಡೆಯುತ್ತಿತ್ತು. ಪೂಜಾರಿ ಪುಟ್ಟಯ್ಯನವರು ಆರತಿ ತಟ್ಟೆ ಇಟ್ಟು ಹೊರಗೆ ಬಂದರು. ಎಪ್ಪತ್ತು ದಾಟಿದವರು, ಕೋಪ ಮೂಗಿನ ತುದಿಯಲ್ಲಿ.

"ಯಾರೋ ಅದು ಗುಡಿ ಮುಂದೆ? ಅಮ್ಮನ ಘಂಟೆ ನಂಗೇ ಕೇಳಿಸ್ತಿಲ್ಲ!"

"ರೇಸ್ ಇಳೀತಾ ಇಲ್ಲ ಅಯ್ಯಾ, ನಾನೇನ್ ಮಾಡ್ಲಿ? ಇನ್ನೊಂದು ದಾರ ಕೊಡಿ."

ಅವರು ಹ್ಯಾಂಡಲಿನ ಹತ್ತಿರ ಬಂದು ಬಗ್ಗಿ ನೋಡಿದರು. ಮುಖ ಕೆಂಪಾಯಿತು. "ಇನ್ನೊಂದಾ? ಥೂ, ಏನೋ ಇದು! ಮೂರು ದಿನ ಇಟ್ಕೊಂಡು ಬಿಚ್ಚಿ ಗಿಡದ ಬುಡಕ್ಕೆ ಹಾಕೋ ದಾರ ಕಣೋ ಇದು. ಹಳೇದು ಬಿಚ್ಚದೆ ಹೊಸದು ಕಟ್ತಾರೇನೋ? ಹರಕೆ ಒಪ್ಪಿಸ್ತಿದೀಯೋ, ಅಮ್ಮನ್ನ ಕಟ್ಟಿಹಾಕ್ತಿದೀಯೋ?"

ನಿಂಬೆಹಣ್ಣು ಕೊಯ್ಯುವ ಚಾಕು ಅವರ ಸೊಂಟದಲ್ಲಿತ್ತು. ನಾನು "ಅಯ್ಯೋ, ಬೇಡ!" ಎಂದು ಕೂಗಿಕೊಳ್ಳುವಷ್ಟರಲ್ಲಿ ಒಂಬತ್ತನ್ನೂ ಕತ್ತರಿಸಿ ಎಳೆದರು.

ಬೊಬ್ಬೆ ನಿಂತಿತು. ಗಾಡಿ ಆಫ್ ಆಯಿತೆಂದುಕೊಂಡೆ. ಇಲ್ಲ, ಡುಬ್ ಡುಬ್ ಎಂದು ಹದವಾಗಿ ಓಡುತ್ತಿತ್ತು. ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ. ಸದ್ದು ಬದಲಾಗಲಿಲ್ಲ. ಆಗ ಗೊತ್ತಾಯಿತು. ನಾನು ಎಕ್ಸಲೇಟರ್ ಕೇಬಲನ್ನೂ ಸೇರಿಸಿ ಹ್ಯಾಂಡಲಿಗೆ ಬಿಗಿದುಬಿಟ್ಟಿದ್ದೆ. ಹ್ಯಾಂಡಲ್ ಎಡಕ್ಕೆ ಹೋದಾಗಲೆಲ್ಲ ಕೇಬಲ್ ಆಡಲು ಜಾಗವಿಲ್ಲದೆ ಎಳೆದುಕೊಂಡು, ಕಾರ್ಬುರೇಟರನ್ನು ತೆರೆದು ರೇಸ್ ಏರಿಸುತ್ತಿತ್ತು. ಕೆಂಗೇರಿಯ ಮೆಕ್ಯಾನಿಕ್ ಹ್ಯಾಂಡಲ್ ಎಡಕ್ಕೆ ವಾಲಿಸಿಟ್ಟು ಸ್ಲೋ ಇಳಿಸಿದ್ದಕ್ಕೇ, ಹ್ಯಾಂಡಲ್ ನೆಟ್ಟಗಾದಾಗ ಅದು ಸಿಗ್ನಲ್ಲಿನಲ್ಲಿ ಆಫ್ ಆದದ್ದು.

"ನಿಂತ್ಕೊಂಡು ಏನ್ ನೋಡ್ತೀಯ? ಹೊರಡು, ಮಗೂಗೆ ಹೊತ್ತಾಗುತ್ತೆ" ಎಂದು ಪುಟ್ಟಯ್ಯನವರು ಒಳಗೆ ಹೋದರು. ಮಂಜುಳಾ ಕಣ್ಣೊರೆಸಿಕೊಂಡು ಹತ್ತಿದಳು. ಎಷ್ಟು ತಿರುವುಗಳಿದ್ದವೋ ಅಷ್ಟರಲ್ಲೂ ಬೈಕು ಮಾತು ಕೇಳಿತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಡಾಕ್ಟರ ಮುಂದಿದ್ದೆವು.

ಇದರಲ್ಲಿ ದೇವರ ಕೃಪೆ ಎಲ್ಲಿದೆ, ನಿನ್ನ ದಡ್ಡತನ ಅಷ್ಟೇ ಎಂದು ನನ್ನ ಅಣ್ಣ ನಗುತ್ತಾನೆ. ದಡ್ಡತನ ನನ್ನದೇ, ಒಪ್ಪಿಕೊಂಡೆ. ಆದರೆ ಇಬ್ಬರು ಮೆಕ್ಯಾನಿಕ್‌ಗಳು ಮುಟ್ಟದೆ ಬಿಟ್ಟದ್ದನ್ನು, ದಿನಾ ಕೈಯಿಟ್ಟರೂ ನನಗೆ ಕಾಣದ್ದನ್ನು, ಅವತ್ತೇ ಆ ಗಳಿಗೆಯಲ್ಲೇ ಕತ್ತರಿಸಲು ಆರತಿಯ ನಡುವೆ ಆ ಮುದುಕರನ್ನು ಹೊರಗೆ ಕಳಿಸಿದವರು ಯಾರು? ಬೈದವನ ಮಗುವನ್ನೂ ಅವಳು ಕೈಬಿಡಲಿಲ್ಲ. ಅವತ್ತಿನಿಂದ ನನ್ನ ನಂಬಿಕೆ ಒಂದಿಂಚೂ ಅಲುಗಿಲ್ಲ. ನೀವೂ ದಾರ ಕಟ್ಟಿ, ಬೇಡ ಎನ್ನುವುದಿಲ್ಲ. ಮಹಾಸ್ವಾಮಿ, ಹಳೆಯದನ್ನು ಬಿಚ್ಚಿ ಕಟ್ಟಿ!

ಮೂರು ವಾರದ ನಂತರ ಆ ಪ್ಲಾಸ್ಟರ್ ಬಿಚ್ಚಿದಾಗ ಅಂಗಾಲು ಪೂರ್ತಿಯಾಗಿ ನನ್ನ ಅಂಗೈಗೆ ತಗುಲಿತು. ಆಮೇಲೆ ಬಹಳ ದಿನ ವಿಶೇಷ ಬೂಟು ಹಾಕಿದೆವು. ಈಗ ಅವಳಿಗೆ ಮೂರು ವರ್ಷ. ಶುಕ್ರವಾರ ಗುಡಿಗೆ ಕರೆದುಕೊಂಡು ಹೋದರೆ ಬರಿಗಾಲಲ್ಲಿ ಸುತ್ತ ಓಡುತ್ತಾಳೆ. ಪುಟ್ಟಯ್ಯನವರು ಒಳಗಿನಿಂದಲೇ, "ಓಡ್ಬೇಡ ಕಣೇ, ಬೀಳ್ತೀಯಾ!" ಎಂದು ಗದರುತ್ತಾರೆ. ನಾನು ಕೈಮುಗಿದು, "ಓಡ್ಲಿ ಬಿಡಿ ಅಯ್ಯಾ" ಎನ್ನುತ್ತೇನೆ.