ತೋಳಿನ ಮೇಲಿನ ಬಿಳಿ ಗೆರೆ

ಮೊನ್ನೆ ಪಕ್ಕದ ಬೀದಿಯ ಸೈನಿಕನೊಬ್ಬ, ರಜೆಗೆ ಬಂದವನು, ತನ್ನ ಹಸಿರು ಅಂಗಿಯನ್ನು ನನ್ನ ಹೊಲಿಗೆ ಮಿಷಿನ್ನಿನ ಮೇಲಿಟ್ಟು ತೋಳು ಎರಡು ಬೆರಳು ಗಿಡ್ಡ ಮಾಡಿಕೊಡಿ ಅಂದ. ಅಂಗಿಗೆ ಟ್ರಂಕಿನ ನುಸಿಗುಳಿಗೆ ವಾಸನೆ. ಚಾಕ್‌ಪೀಸಿನಿಂದ ತೋಳಿನ ಮೇಲೆ ಗೆರೆ ಎಳೆದದ್ದೇ ತಡ, ಕೈ ನಿಂತುಹೋಯಿತು. ಮಿಲ್ಟ್ರಿ ತಾತ ನೆನಪಾದ. ಇಷ್ಟು ವರ್ಷವಾದರೂ ಮೊದಲು ಬಂದದ್ದು ಸಿಟ್ಟೇ...

ನಾನು ರೊಳ್ಳ ಅನ್ನುವ ಊರಿನ ಕಡೆಯವಳು. ಮದುವೆಯಾದ ವರ್ಷವೇ ಗಂಡನ ಜೊತೆ ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವ ಯೂನಿಟ್ ಸೇರಿದೆ. ಊರು ಹೊಸದು, ಮಾತಿನ ರಾಗವೂ ಬೇರೆ. ನಾನು ಬಾಯಿ ಬಿಟ್ಟರೆ ಸಾಕು, ಅಕ್ಕಪಕ್ಕದ ಮಿಷಿನ್ನಿನವರು ಮುಸಿಮುಸಿ ನಗುತ್ತಿದ್ದರು. ಬೀದಿಯವರೆಲ್ಲ ಮಿಲ್ಟ್ರಿ ತಾತ ಅನ್ನುತ್ತಿದ್ದ ಎದುರುಮನೆಯ ತಾತ ಮಾತ್ರ ನಗಲಿಲ್ಲ. ಸಂಜೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಟ್ರಂಕಿನಿಂದ ಫೋಟೊಗಳನ್ನು ತೆಗೆದು ತೋರಿಸುತ್ತಿದ್ದ.

ಯುದ್ಧದ ಕಾಲದಲ್ಲಿ ತಾತ ಇದ್ದ ಕ್ಯಾಂಪಿನ ಫೋಟೊಗಳು ಅವು. ಸಾಲು ಡೇರೆಗಳು, ನೀರಿನ ಲಾರಿಯ ಮುಂದೆ ಬಕೆಟ್ ಹಿಡಿದ ಜವಾನರು, ದೊಡ್ಡ ಹಂಡೆಯಲ್ಲಿ ಬೇಳೆ ತಿರುವುತ್ತಿದ್ದ ಅಡುಗೆಯವನು. ಕೊನೆಯದರಲ್ಲಿ ತಾತನೇ, ಸಮವಸ್ತ್ರ ತೊಟ್ಟು ಎದೆಯುಬ್ಬಿಸಿ ನಿಂತಿದ್ದ. ಬೆಂಕಿಪೊಟ್ಟಣದಷ್ಟು ಚಿತ್ರ. ತೋಳಿನ ಮೇಲೊಂದು ಬಿಳಿ ಗೆರೆ. ತಾತ ಅದರ ಮೇಲೆ ಬೆರಳಿಟ್ಟು ಹೇಳುತ್ತಿದ್ದ:

"ಗುಂಡು ಸವರ್ಕೊಂಡು ಹೋತು ಯಮ್ಮಾ. ಒಂದ್ ಗೇಣು ಈಕಡೆ ಬಂದಿದ್ರ ನಾ ಇರ್ತಿದ್ದಿಲ್ಲ."

ಅದನ್ನು ಯೂನಿಟ್ಟಿನಲ್ಲಿ ಎಷ್ಟು ಸಲ ಹೇಳಿದೆನೋ! ನಗುತ್ತಿದ್ದವರೇ ಮಿಷಿನ್ ನಿಲ್ಲಿಸಿ ಕೇಳಿದರು. ತಾತನ ಗುಂಡಿನಿಂದ ನನಗೂ ಆ ಊರಿನಲ್ಲಿ ಒಂದು ಜಾಗ ಸಿಕ್ಕಿತು. ಆಗಸ್ಟ್ ಬಂದಾಗ ಯೂನಿಟ್ಟಿನ ಮಾಲೀಕರೇ ತಾತನ ಮನೆಗೆ ಬಂದು, "ಈ ಸಲ ಬಾವುಟ ನೀವ ಹಾರಸ್ಬೇಕ್ರಿ" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಗೋಡೆಗೆ ತೂಗುಹಾಕೋಣವೆಂದು ಆ ಫೋಟೊವನ್ನು ಸ್ಟುಡಿಯೋಗೆ ಒಯ್ದು ದೊಡ್ಡದು ಮಾಡಿಸಿದೆ.

ಸ್ಟುಡಿಯೋದವನು ದೊಡ್ಡ ಫೋಟೊ ಕೈಗೆ ಕೊಟ್ಟಾಗ ಅಲ್ಲೇ ನಿಂತು ನೋಡಿದೆ. ಭುಜದ ಹೊಲಿಗೆ ನಾಲ್ಕು ಬೆರಳು ಕೆಳಗಿಳಿದಿತ್ತು. ಅಂಗಿ ತಾತನ ಅಳತೆಯದಲ್ಲ. ಬಿಳಿ ಗೆರೆ ಒಂದಲ್ಲ, ಎರಡು. ಪಟ್ಟಿಯಿಟ್ಟು ಎಳೆದಷ್ಟು ನೇರ. ತೋಳು ಗಿಡ್ಡ ಮಾಡಲು ನಾವೆಲ್ಲ ಹಾಕುವ ಗುರುತು.

ಸೀದಾ ಹೋಗಿ ಫೋಟೊವನ್ನು ಕಟ್ಟೆಯ ಮೇಲಿಟ್ಟೆ. "ತಾತ, ಇದು ಚಾಕ್‌ಪೀಸಲ್ವಾ?"

ತಾತ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡ. "ಹೌದು ಯಮ್ಮಾ. ನಾ ಅಲ್ಲಿ ಟೇಲರ್ ಇದ್ದೆ. ಒಬ್ಬ ಜವಾನ್ ಹುಡುಗ ತೋಳು ಗಿಡ್ಡ ಮಾಡು ಅಂತ ಈ ಅಂಗಿ ಕೊಟ್ಟುಹೋದ... ತಗಳ್ಳಾಕ ಬರಲಿಲ್ಲ."

"ಟೇಲರ್ ಅಂದಿದ್ರೆ ನಾವೇನು ಕೀಳಾಗಿ ನೋಡ್ತಿದ್ವಾ? ನಾವೆಲ್ಲ ಮಾಡೋದಾದ್ರೂ ಏನು ಮತ್ತೆ?"

"ಟೇಲರ್ ಮಾತು ಯಾರ್ ಕೇಳ್ತಿದ್ರು?"

ಸುಳ್ಳಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಹೊಲಿದು ಬದುಕುವವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಲಿಗೆಯನ್ನೇ ಮುಚ್ಚಿಟ್ಟಿದ್ದನಲ್ಲ! ನಂಬಿಸಿ ಕತ್ತು ಕೊಯ್ದ ಅನ್ನಿಸಿತು. ಧಡಕ್ಕನೆ ಎದ್ದು ಬಂದೆ. ಮರುದಿನ ಯೂನಿಟ್ಟಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ಬಾವುಟವನ್ನು ಮಾಲೀಕರೇ ಹಾರಿಸಿದರು. ತಾತ ಅಂದು ಬಾಗಿಲು ತೆಗೆಯಲಿಲ್ಲ, ಆಮೇಲೆ ಕಟ್ಟೆಗೂ ಬರಲಿಲ್ಲ. ಮುಂದಿನ ವರ್ಷ ನಾವು ಕೆಲಸ ಹುಡುಕಿಕೊಂಡು ಬಳ್ಳಾರಿಗೆ ಬಂದೆವು. ತಾತ ತೀರಿಕೊಂಡ ಸುದ್ದಿ ಇಲ್ಲಿಗೇ ಬಂತು. ನಾನು ಹೋಗಲಿಲ್ಲ.

ಸೈನಿಕನ ಅಂಗಿ ನಿನ್ನೆ ಮುಗಿಯಿತು. ಗೆರೆ ಉಜ್ಜಿ ತೆಗೆದು, ಮಡಚಿಟ್ಟು, ಮೂರು ಸಲ ಬಾಗಿಲ ಕಡೆ ನೋಡಿದೆ. ಹೇಳಿದ ಹೊತ್ತಿಗೇ ಬಂದು ನಗುತ್ತ ತೆಗೆದುಕೊಂಡು ಹೋದ. ಆದರೆ ಆ ಇನ್ನೊಬ್ಬ ಹುಡುಗ... ಅವನ ಹೆಸರೇನು, ಯಾವ ಊರಿನವನು, ಅವನ ಅಂಗಿ ತೊಟ್ಟು ತಾತ ಯಾಕೆ ನಿಂತ, ಒಂದನ್ನೂ ನಾನು ಕೇಳಲಿಲ್ಲ. ಮೋಸ ಹೋದ ಸಿಟ್ಟು ಈಗಲೂ ಇದೆ. ಆದರೂ ಗುಂಡಿನ ಕತೆಯನ್ನು ದಿನಾ ಬಾಯಿಬಿಟ್ಟುಕೊಂಡು ಕೇಳಿದ ನಾನೇ, ತಾತ ನಿಜ ಹೇಳಲು ಶುರುಮಾಡಿದ ದಿನ ಎದ್ದು ಬಂದೆ.