ಕೇಳದ ಹುಡುಗಿ

ತೊಂಬತ್ತರ ದಶಕದ ಕೊನೆ. ದಿನಾ ಹರಿಹರದಿಂದ ಬಸ್ಸಿನಲ್ಲಿ ನಿಂತುಕೊಂಡೇ ದಾವಣಗೆರೆಗೆ ಹೋಗಿ, ಮಂಡಿಪೇಟೆಯ ಹಿಂದಿನ ಒಂದು ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಒಂದು ಕೋಣೆ, ಐವತ್ತೆಂಟು ಮಕ್ಕಳು, ಕಿಟಕಿಯಾಚೆ ಲಾರಿಯಿಂದ ಮೂಟೆ ಇಳಿಸುವ ಹಮಾಲರ ಕೂಗು. ಮಧ್ಯಾಹ್ನದ ಹೊತ್ತಿಗೆ ಗಂಟಲಿನ ಜೊತೆ ತಾಳ್ಮೆಯೂ ಒಣಗಿಹೋಗುತ್ತಿತ್ತು.

ಅಷ್ಟು ಮಕ್ಕಳಲ್ಲಿ ನನ್ನನ್ನು ಹೈರಾಣು ಮಾಡಿದವಳು ಒಬ್ಬಳೇ. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದಳು. ಜೂನ್‌ನಲ್ಲಿ ಮಗಳನ್ನು ಸೇರಿಸಲು ಬಂದಾಗ ಹೇಳಿದ್ದಳು: "ಒಂದೇ ಸಲಕ್ಕ ಕೇಳಲ್ಲ ಮೇಡಂರೇ. ಸ್ವಲ್ಪ ಜೋರಾಗೇ ಹೇಳ್ಬೇಕು."

"ಇಲ್ಲಿ ಯಾರು ಕೇಳ್ತಾರೆ ಬಿಡಮ್ಮ" ಎಂದು ನಾನು ನಕ್ಕಿದ್ದೆ.

ನಿಜಕ್ಕೂ ಅವಳು ಕೇಳುತ್ತಿರಲಿಲ್ಲ. ನಾನು ಲೆಕ್ಕ ಹೇಳುತ್ತಿದ್ದಂತೆ ಪಕ್ಕದವಳ ಪಾಟಿ ಕಸಿದುಕೊಳ್ಳುತ್ತಿದ್ದಳು. ಎದ್ದು ಹತ್ತಿರ ಬಂದು ನನ್ನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅಣಕಿಸುತ್ತಾಳೆ ಎಂದೇ ನನ್ನ ಲೆಕ್ಕ. ಇವಳಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದು ಸಹೋದ್ಯೋಗಿಗಳನ್ನು ನಗಿಸಿದ್ದೂ ಉಂಟು. ಕೊನೆಯ ಬೆಂಚಿಗೆ ಹಾಕಿದೆ, ಗಲಾಟೆ ಹೆಚ್ಚಾಯಿತು. ಬಾಗಿಲ ಹೊರಗೆ ನಿಲ್ಲಿಸಿದೆ, ಅದೂ ನಾಟಲಿಲ್ಲ. "ಕರ್ಕೊಂಡು ಹೋಗು ಅಂತ ಅವರವ್ವಗೆ ಹೇಳಿಬಿಡ್ರಿ, ಉಳಿದವೂ ಕೆಡ್ತಾವೆ" ಎಂದರು ಹೆಡ್‌ಮಾಸ್ತರರು. ನಾನೂ ಸೋತಿದ್ದೆ. ಸೋಮವಾರ ಬರಬೇಕೆಂದು ತಾಯಿಗೆ ಹೇಳಿ ಕಳಿಸಿದೆ.

ಆ ಸೋಮವಾರ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಹಾಕಲು ರಜೆ ಉಳಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಇಷ್ಟನೇ ಪುಟ ತೆಗೆಯಿರಿ, ಇವನ್ನು ಕೂಡಿ, ಇವನ್ನು ಕಳೆಯಿರಿ. ದನಿಯಿಲ್ಲದ ಮೇಡಂ ಸಿಕ್ಕ ಖುಷಿಗೆ ತರಗತಿಯೆಲ್ಲ ಸಂತೆಯಾಗಿತ್ತು. ಅವಳೊಬ್ಬಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಹೋಗಿ ನೋಡಿದೆ. ಒಂದು ಲೆಕ್ಕವೂ ತಪ್ಪಿರಲಿಲ್ಲ.

ಅಷ್ಟರಲ್ಲಿ ತಾಯಿ ಬಾಗಿಲಿಗೆ ಬಂದಳು. ಇದ್ದಷ್ಟು ದನಿಯಲ್ಲೇ ಕೇಳಿದೆ: "ಇವಳಿಗೆ ಕಿವಿ ಕೇಳಿಸ್ತೈತಾ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಸೇರಿಸಿದ ದಿನಾನೇ ಹೇಳಿದ್ನಲ್ರೀ ಮೇಡಂರೇ, ಕೇಳಲ್ಲ ಅಂತ. ಕಿವಿ ಸೋರಿ ಸೋರಿ ಹಿಂಗಾಗೈತೆ."

ಹೌದು, ಹೇಳಿದ್ದಳು. ಮಕ್ಕಳಿಗೆ ಕನ್ನಡ ಕಲಿಸುವ ನಾನು ಆ ಒಂದು ಪದವನ್ನು ನನಗೆ ತೋಚಿದ ಹಾಗೆ ತಿಳಿದುಕೊಂಡು, ಐದು ತಿಂಗಳು ಆ ಹುಡುಗಿಯನ್ನು ನನ್ನ ದನಿಯಿಂದ ದೂರ ದೂರ ತಳ್ಳಿದ್ದೆ. ನಾಚಿಕೆಯಿಂದ ತಾಯಿಯ ಮುಖ ನೋಡಲಾಗಲಿಲ್ಲ.

ಇಲ್ಲೇ ಇರಲಿ, ಕರೆದುಕೊಂಡು ಹೋಗಬೇಡ ಎಂದೆ. ಮುಂದಿನ ಬೆಂಚಿನಲ್ಲಿ ಜಾಗ ಮಾಡಿಸಿ, ಬಾ ಎಂದು ಹುಡುಗಿಗೆ ಕೈ ಮಾಡಿದೆ. ಅವಳಿಗೆ ಹೊಡೆದದ್ದನ್ನು ನಾನು ಇಲ್ಲಿಯವರೆಗೆ ಬರೆಯಲಿಲ್ಲ. ಬರೆಯದೆಯೇ ಮುಗಿಸೋಣ ಎಂದುಕೊಂಡಿದ್ದೆ. ಅವಳು ಎದ್ದು ಬಂದು, ತಾಯಿಯ ಎದುರಿಗೇ, ಎರಡೂ ಅಂಗೈ ಚಾಚಿ ನಿಂತಳು.