ಚಿಕ್ಕ ಹಿಡಿ ಸ್ಟೋರಿನಲ್ಲಿತ್ತು

ಮೊನ್ನೆ ಭಾನುವಾರ ನನ್ನ ತಂಗಿ ಗಿರಿಜಾ ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಲೈಟರ್ ಹಿಡಿದು ಗೋಡೆಯ ಕ್ಯಾಲೆಂಡರಿಗೆ ಗುರಿ ಇಟ್ಟು ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು.

"ಹಾಲು ನೋಡೇ," ಅಂದೆ.

"ಇರಕ್ಕ, ಉಸಿರು ಹಿಡ್ಕೊಂಡಿದೀನಿ."

(ಹಾಲು ಯಾರ ಉಸಿರಿಗೂ ಕಾಯುವುದಿಲ್ಲ. ಕಟ್ಟೆ ಒರೆಸಿದ್ದು ನಾನೇ.)

ಗಿರಿಜಾಳ ಮನೆ ಮೂಡಲಪಾಳ್ಯದಲ್ಲಿ. ಕೆಲಸ ಒಂದು ದೊಡ್ಡ ಸಂಸ್ಥೆಯ ಸೆಕ್ಯುರಿಟಿ ವಿಭಾಗದಲ್ಲಿ. ಸಂಸ್ಥೆಯ ಹೆಸರು ಬೇಡ, ಬರೆದರೆ ತಂಗಿಯ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಅಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಡ್ಯೂಟಿ ಮಾಡಿದ ಮೊದಲ ಹೆಂಗಸು ಅವಳು. ಹಳೇ ರಿವಾಲ್ವರ್ ಇದ್ದಷ್ಟು ದಿನ ಗುರಿಯಲ್ಲಿ ಗಂಡಸರನ್ನೂ ಹಿಂದೆ ಹಾಕುತ್ತಿದ್ದಳು.

ಎರಡು ವರ್ಷದ ಹಿಂದೆ ಹೊಸ ಪಿಸ್ತೂಲು ಬಂತು. ನೈನ್ ಎಂಎಂ. ಹಗುರ, ಕಪ್ಪು ಪ್ಲಾಸ್ಟಿಕ್ ಮೈ, ಹಿಡಿಯೊಳಗೆ ಎರಡು ಸಾಲು ಗುಂಡು. ಎರಡು ಸಾಲು ಕೂರಬೇಕೆಂದರೆ ಹಿಡಿ ದಪ್ಪ ಆಗಲೇಬೇಕಲ್ಲ? ಗಿರಿಜಾಳದು ಪುಟ್ಟ ಕೈ. ಟ್ರಿಗರ್ ಮುಟ್ಟುವುದು ಬೆರಳಿನ ತುದಿ ಮಾತ್ರ. ಒತ್ತಿದರೆ ಗುಂಡು ಎಡಕ್ಕೆ. ಬೆರಳು ಎಟುಕಲಿ ಎಂದು ಕೈ ತಿರುಗಿಸಿ ಹಿಡಿದರೆ ಏಟೆಲ್ಲ ಹೆಬ್ಬೆರಳಿನ ಗಂಟಿಗೆ. ಆ ಗಂಟು ಊದಿಕೊಂಡಿರುವುದನ್ನು ನಾನೇ ನೋಡಿದ್ದೇನೆ.

ಎರಡು ವರ್ಷದಿಂದಲೂ ವಾರ್ಷಿಕ ಫೈರಿಂಗ್ ಟೆಸ್ಟಿನಲ್ಲಿ ಫೇಲ್. "ಹೆಂಗಸ್ರ ಕೈ ನಡುಗತ್ತೆ, ಬಿಡಿ" ಎಂದು ಇನ್‌ಸ್ಟ್ರಕ್ಟರ್ ಸಮಾಧಾನ ಬೇರೆ ಹೇಳಿದರಂತೆ. ಈ ಗುರುವಾರ ಮೂರನೇ ಸಲ. ಇದರಲ್ಲೂ ಹೋದರೆ ಪಿಸ್ತೂಲು ಕಿತ್ತುಕೊಂಡು, ವಿಸಿಟರ್ ಪಾಸ್ ಬರೆಯುವ ಕೌಂಟರಿಗೆ ಕೂರಿಸುತ್ತಾರೆ.

"ಪಾಸ್ ಬರೆಯೋದೂ ಕೆಲಸಾನೇ ಕಣೇ," ಅಂದೆ. ಎಲ್ಲದಕ್ಕೂ ಹೊಂದಿಕೊಂಡು ಹೊಂದಿಕೊಂಡು ನನಗೆ ಬಂದಿರುವ ಬುದ್ಧಿ ಇದು.

ಅವಳು ಲೈಟರನ್ನು ಕೆಳಗಿಟ್ಟಳು. "ನನಗೆ ಬರಲ್ಲ ಅಂತ ತೆಗೆದ್ರೆ ಸುಮ್ನಿರ್ತೀನಿ ಅಕ್ಕ. ನನಗೆ ಬರತ್ತೆ."

ಬ್ಯಾಗಿನಿಂದ ಒಂದು ಫಾರ್ಮ್ ತೆಗೆದಳು. ಹೊಸ ಪಿಸ್ತೂಲಿನ ಬಗ್ಗೆ ಬಳಸುವವರ ಅಭಿಪ್ರಾಯ. ತೂಕ, ಹಿಡಿತ, ಟ್ರಿಗರ್, ಒಟ್ಟಾರೆ. ನಾಲ್ಕೂ ಕಡೆ 'ಉತ್ತಮ' ಎಂದು ಆಗಲೇ ಟೈಪ್ ಆಗಿತ್ತು! ಸಹಿ ಹಾಕುವುದಷ್ಟೇ ಬಾಕಿ. ಎಲ್ಲರೂ ಹಾಕಿದ್ದಾರಂತೆ. ಇವಳೊಬ್ಬಳು ಮನೆಗೆ ತಂದಿದ್ದಾಳೆ.

"ನೀನು ಪೇಪರಿಗೆ ಬರೀತೀಯಲ್ಲ. ಹಿಡಿ ದಪ್ಪ ಆಯ್ತು ಅಂತ ನೀಟಾಗಿ ಬರ್ಕೊಡು."

ಪಿಸ್ತೂಲನ್ನು ಹತ್ತಿರದಿಂದ ಕಂಡವಳಲ್ಲ ನಾನು. ಆದರೆ ನಮ್ಮ ಅಳತೆಗೆ ಹೊಂದದ ವಸ್ತುಗಳ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನಮ್ಮ ಅಡುಗೆಮನೆಯ ಕಟ್ಟೆ ಅದನ್ನು ಕಟ್ಟಿದ ಮೇಸ್ತ್ರಿಯ ಎತ್ತರಕ್ಕೆ ಸರಿಯಾಗಿದೆ. ಆತ ಅಲ್ಲಿ ಒಂದು ದಿನವೂ ಚಪಾತಿ ಲಟ್ಟಿಸಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಲಟ್ಟಿಸುತ್ತಿದ್ದೇನೆ. ವಿಜಯನಗರದ ಬಸ್ಸಿನಲ್ಲಿ ಮೇಲಿನ ಕಂಬಿ ನನಗೆ ಎಟುಕುವುದಿಲ್ಲ, ಪಕ್ಕದವರ ಬ್ಯಾಗ್ ಹಿಡಿದುಕೊಳ್ಳುತ್ತೇನೆ. ಕೇಳಿದರೆ ಎಲ್ಲರದೂ ಒಂದೇ ಮಾತು, ಅಡ್ಜಸ್ಟ್ ಮಾಡ್ಕೊಳ್ಳಿ. ನಾನು ಮಾಡಿಕೊಂಡೆ. ಒಂದು ಅರ್ಜಿಯನ್ನಾದರೂ ಬರೆದೆನೇ? ಇಲ್ಲ. ಈಗ ಸಾಕಾಗಿ ಹೋಗಿತ್ತು.

ಈ ಸಲ ಬರೆದೆ. ಒಂದು ಪುಟ. ಬೆರಳು ಎಲ್ಲಿಗೆ ಮುಟ್ಟುತ್ತದೆ, ಗುಂಡು ಎತ್ತ ಹೋಗುತ್ತದೆ, ಗಂಟು ಏಕೆ ಊದಿದೆ ಎಂದು.

ಬುಧವಾರ ಆಯುಧಗಳ ಸ್ಟೋರಿನ ಹಿರಿಯರು ಅವಳನ್ನು ಕರೆದರಂತೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಒಂದು ಸ್ಕ್ರೂ ಕೂಡ ಕಳೆದವರಲ್ಲ.

"ಏನಮ್ಮ, ಇಷ್ಟುದ್ದ ಬರೆದಿದೀರ. ಚಿಕ್ಕ ಹಿಡಿ ಬೇಕಾ? ಬಂದಿದೆಯಲ್ಲ."

ಪ್ರತಿ ಪಿಸ್ತೂಲಿನ ಜೊತೆಗೂ ಹಿಡಿಯ ಹಿಂಬದಿಗೆ ಕೂರಿಸುವ ಪಟ್ಟಿ ಮೂರು ಸೈಜಿನಲ್ಲಿ ಬಂದಿತ್ತು. ಕೈಗೆ ತಕ್ಕದ್ದನ್ನು ಹಾಕಿಕೊಳ್ಳಲಿ ಎಂದೇ. ದೊಡ್ಡದನ್ನು ಕೂರಿಸಿ ಎಲ್ಲರಿಗೂ ಹಂಚಿ, ಉಳಿದ ಎರಡನ್ನು ಕವರಿಗೆ ಹಾಕಿ, ಅರಗಿನ ಸೀಲ್ ಒತ್ತಿ ಬೀರುವಿನಲ್ಲಿ ಇಟ್ಟಿದ್ದರು.

"ಮತ್ತೆ ಯಾಕ್ ಸಾರ್ ಕೊಡ್ಲಿಲ್ಲ?"

"ನೀವು ಕೇಳ್ಲಿಲ್ಲ. ಕೊಟ್ಟು ಕಳ್ದೋದ್ರೆ ಇನ್‌ಸ್ಪೆಕ್ಷನ್ ದಿನ ಯಾರಮ್ಮ ಉತ್ತರ ಹೇಳೋದು?"

ಇದನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಗಡಿಯವರು ಅಂಟಿಸಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ, ಗೀರು ಬೀಳದಿರಲಿ ಎಂದು. ಹಾಗಾಗಿ ಬರಲಿಲ್ಲ, ಸುಸ್ತಾಯಿತು ಅಷ್ಟೇ.

ಸಾಹೇಬರ ಸಹಿಯಾಗಿ ಸೀಲ್ ಒಡೆಯಿತು. ಪಟ್ಟಿ ಬದಲಿಸಲು ಐದು ನಿಮಿಷವೂ ಹಿಡಿಯಲಿಲ್ಲವಂತೆ. ಗುರುವಾರ ಗಿರಿಜಾ ಹೊಡೆದ ಹತ್ತರಲ್ಲಿ ಒಂಬತ್ತು ಗುಂಡು ನಡುವಿನ ವೃತ್ತದೊಳಗೆ. ಇನ್‌ಸ್ಟ್ರಕ್ಟರ್ ಗುರಿಹಲಗೆಯ ಹತ್ತಿರ ಹೋಗಿ ಎರಡು ಸಲ ಎಣಿಸಿದರಂತೆ. ಫೋನಿನಲ್ಲಿ ಹೇಳುವಾಗ ತಂಗಿಯ ದನಿ ಒಡೆಯಿತು. ನನಗೂ ಕಣ್ಣು ತುಂಬಿತು. ಎರಡು ವರ್ಷ ಅವಳು ತನ್ನ ಕೈಯನ್ನೇ ಬೈದುಕೊಂಡಿದ್ದಳು.

"ಇನ್ಮೇಲೆ ಅದೇ ಹಿಡೀಲಿ ಡ್ಯೂಟಿ ಮಾಡ್ತೀಯಾ?" ಎಂದು ಕೇಳಿದೆ.

"ಎಲ್ಲಿ ಅಕ್ಕ. ಟೆಸ್ಟ್ ಮುಗೀತಿದ್ದಂಗೆ ವಾಪಸ್ ಇಸ್ಕೊಂಡು ಮತ್ತೆ ಸೀಲ್ ಹಾಕಿದ್ರು. ಬೇಕಾದಾಗ ಅರ್ಜಿ ಕೊಡಿ ಅಂದ್ರು."

ನುಗ್ಗಲು ಬರುವ ಕಳ್ಳ, ಅರ್ಜಿಗೆ ಸಹಿ ಬೀಳುವ ತನಕ ಗೇಟಿನಾಚೆ ಕಾಯುತ್ತಾನೆಯೇ?